ತೋನ್ಸೆಪಾರಿನಲ್ಲಿ ಒಂದು ಹಗಲು

ಕಡಲ ತೀರಕ್ಕೆ ರಜೆ ಕಳೆಯಲು ಹೋದವರು ಒಂದು ದಿನವನ್ನು ಸಮೀಪದ ದ್ವೀಪಕ್ಕೆಂದು ಮೀಸಲಿಡುವುದು ಈಗ ರೂಢಿಯಾಗಿದೆ. ಅಂಥ ವಿಹಾರ ಬರಿಯ ವಿಶ್ರಾಂತಿಗೆ, ಅಲ್ಲಿ ಅಧ್ಯಯನದ ಮಾತೆತ್ತುವುದು ಅರಸಿಕತನ ಎಂಬ ಅಭಿಪ್ರಾಯವೂ ಅಷ್ಟೇ ರೂಢಿಯದು. ಮಲ್ಪೆಯ ಎದುರಿಗೆ, ದಡದಿಂದ ಸುಮಾರು 6 ಕಿಲೋಮೀಟರು ದೂರದಲ್ಲಿರುವ ಸಂತ ಮೇರಿ ದ್ವೀಪಗಳ ಮಟ್ಟಿಗೆ ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ.

ಈ ದ್ವೀಪಗಳನ್ನು ಸ್ಥಳೀಯರು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುತ್ತಿದ್ದ ವಾಸ್ಕೊ ಡ ಗಾಮ ಇಲ್ಲೊಂದು ಕಲ್ಲಿನ ಕಂಬ ನೆಟ್ಟು ಅದಕ್ಕೆ ಮೇರಿಯ ಹೆಸರಿಟ್ಟನೆಂದು ಪ್ರತೀತಿ. ದೋಣಿಯಲ್ಲಿ ಹೋಗುವವರಿಗೆಲ್ಲ ಈ ಕಥೆ ಗೊತ್ತು. ಆದರೆ ನಿಸರ್ಗವೇ ಅಲ್ಲಿ ನೆಟ್ಟಿರುವ ಸಾವಿರಾರು ಕಂಬಗಳ ಕಥೆ ಬಲ್ಲವರು ವಿರಳ. ನಮ್ಮ ಜನ ಅವುಗಳ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ, ಕೆಲವರು ಮೊಳೆಯಿಂದ ತಮ್ಮ ಹೆಸರನ್ನು ಕೊರೆದೂ ಬರುತ್ತಾರೆ. ಯಾರೋ ಕಡಿದು ಜೋಡಿಸಿದ ಕಲ್ಲುಗಳಿವು ಎಂದು ಭಾವಿಸಿದವನಿಗೆ ತನ್ನದೊಂದು ಗುರುತು ಸೇರಿಸುವುದು ತಪ್ಪೆನಿಸದು.

ಇವು ಕಡಿದ ಕಲ್ಲುಗಳಲ್ಲ. ಭೂಮಿಯೊಳಗಿಂದ ಉಕ್ಕಿಬಂದ ಲಾವಾರಸ ಆರಿ ಗಟ್ಟಿಯಾಗುವಾಗ ಕುಗ್ಗುತ್ತದೆ. ಇಡಿಯ ಪದರ ಒಮ್ಮೆಗೇ ಕುಗ್ಗಲು ಎಡೆಯಿಲ್ಲದುದರಿಂದ ಮೈಯಲ್ಲಿ ಎಳೆತ ಹುಟ್ಟಿ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳ ಬಿರಿಯುವುದೂ ಇದೇ ರೀತಿಯಲ್ಲಿ. ಆದರೆ ಲಾವಾದಲ್ಲಿ ಬಿರುಕು ಮೇಲ್ಮೈಯಲ್ಲಿಯೇ ನಿಲ್ಲದೆ, ತಂಪು ಒಳಕ್ಕೆ ಸರಿದಂತೆಲ್ಲ ತಾನೂ ಒಳಕ್ಕೆ ಇಳಿಯುತ್ತದೆ. ಮೊದಲು ಅಡ್ಡಾದಿಡ್ಡಿಯಾಗಿದ್ದ ಬಿರುಕುಗಳು ಇಳಿಯುತ್ತ ಇಳಿಯುತ್ತ ಒಂದು ಕ್ರಮಕ್ಕೆ ಬಂದು, ಮೂರು ಮೂರು ಕೂಡುವೆಡೆಯಲ್ಲಿ ಸುಮಾರು 120 ಅಂಶದ ಕೋನಗಳನ್ನು ಮಾಡಿಕೊಳ್ಳುತ್ತವೆ. ಹೀಗೆ ಷಟ್ಕೋನದ ಕಂಬಗಳು ಮೈದಳೆಯುತ್ತವೆ. ಎಲ್ಲಕ್ಕೂ ಆರೇ ಮುಖವೆಂದಲ್ಲ. ಐದು, ಏಳು ಮುಖದವೂ ಉಂಟು. ಎಣಿಸಿ ನೋಡುವುದು ಮಕ್ಕಳಿಗೆ ಒಳ್ಳೆಯ ಆಟ. ಲಾವಾ ನಿಧಾನವಾಗಿ ಆರಿದಷ್ಟೂ ಕಂಬ ದಪ್ಪವಾಗುತ್ತದೆ. ಬಿರುಕು ಸಾಗುವುದು ತಂಪಾಗುವ ಮೈಗೆ ಲಂಬವಾಗಿ. ಆದುದರಿಂದ ಓರೆಯಾಗಿ ನಿಂತ ಕಂಬವನ್ನು ಕಂಡಲ್ಲಿ, ಆ ಮೈ ಮಟ್ಟಸವಾಗಿರಲಿಲ್ಲವೆಂದೋ ಪದರವೇ ಆಮೇಲೆ ವಾಲಿತೆಂದೋ ಊಹಿಸಬಹುದು.

ಮನೆಯಲ್ಲಿಯೂ ಇದರ ಅಣಕುರೂಪವನ್ನು ಮಾಡಿ ನೋಡಬಹುದು. ಅಡುಗೆಯ ಕಾರ್ನ್‌ಫ್ಲೋರನ್ನು ಸಮಪಾಲು ನೀರಿನಲ್ಲಿ ಕಲಸಿ, ಲೋಟದಲ್ಲಿಟ್ಟು, ದೀಪದ ಕೆಳಗೆ ಕೆಲವು ದಿನ ಒಣಗಿಸಿದರೆ ಒಳಗೆ ಪುಟ್ಟ ಪುಟ್ಟ ಕಂಬಗಳೇಳುತ್ತವೆ. ಇಲ್ಲಿ ಹೊರಹೋಗುವುದು ಶಾಖವಲ್ಲ, ನೀರು. ನಿಯಮ ಮಾತ್ರ ಹೆಚ್ಚುಕಡಮೆ ಒಂದೇ. ಟೊರಾಂಟೊ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಇದೇ ಹಿಟ್ಟಿನಿಂದ ಕಂಬಗಳ ಗಾತ್ರದ ರಹಸ್ಯವನ್ನು ಶೋಧಿಸಿದ್ದಾರೆ.

ಈ ಶಿಲೆಯನ್ನು ಬಸಾಲ್ಟ್ ಎಂದು ಕರೆಯುವ ವಾಡಿಕೆಯಿದೆ. ವಾಸ್ತವವಾಗಿ ಇದು ಸಿಲಿಕ ಹೆಚ್ಚಾಗಿರುವ, ರಯೊಲೈಟಿನ ವರ್ಗಕ್ಕೆ ಸೇರಿದ ಶಿಲೆ. ದಖನ್ನಿನ ಲಾವಾ ಪ್ರಸ್ತರಗಳಿಗೂ ಇದಕ್ಕೂ ನಂಟಿಲ್ಲ. ಅವು ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇದರ ವಯಸ್ಸು 8.5ರಿಂದ 9 ಕೋಟಿ ವರ್ಷಗಳ ನಡುವಿನದು. ಆಗ ಮಡಗಾಸ್ಕರವು ನಮ್ಮ ಪಶ್ಚಿಮ ತೀರಕ್ಕೆ ಅಂಟಿಕೊಂಡಿದ್ದು, ಅಗಲತೊಡಗಿತ್ತು. ಆ ಅಗಲಿಕೆಯ ಕಾಲದ ಬೆಂಕಿಯೇ ಇಲ್ಲಿ ಕಲ್ಲಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದೆಂದು ಸಾರಿರುವುದು ಸುಮ್ಮನೆ ಅಲ್ಲ.

ವಿಶ್ರಾಂತಿಗೆಂದು ಬಂದವರಿಗೆ ಪಾಠ ಹೇಳಿ ಪೀಡಿಸುವುದೇಕೆ ಎಂದು ಕೇಳುವವರುಂಟು. ನನ್ನ ಅನುಭವದಲ್ಲಿ ದ್ವೀಪದಲ್ಲಿ ದಣಿಯುವವರು ಏನನ್ನೂ ನೋಡದವರು. ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಯುವ ನೆಲದಲ್ಲಿ ಅವರಿಗೆ ಬೇಸರ ಬರುತ್ತದೆ; ಆಗ ತಿನಿಸಿನ ಮಳಿಗೆ ಬೇಕು, ಸಂಗೀತ ಬೇಕು, ಜಾರುಬಂಡೆ ಬೇಕು ಎಂಬ ಬೇಡಿಕೆ ಹುಟ್ಟುತ್ತದೆ. ಬೇಡಿಕೆಯನ್ನು ಪೂರೈಸುವವರಿಗೆ ಕೊರತೆಯಿಲ್ಲ! ಅದೇ ತೆಂಗಿನ ನೆರಳಿನಲ್ಲಿ ಕುಳಿತು, ಬೆಳಗ್ಗೆ ತಿಳಿಯಾಗಿದ್ದ ಕಡಲಿನ ಮೇಲೆ ಮಧ್ಯಾಹ್ನ ಪಡುಗಾಳಿ ಬೀಸಿ ನೊರೆಯೇಳುವುದನ್ನು ನೋಡುತ್ತ, ನೆಲ ನೀರಿಗಿಂತ ಬೇಗ ಕಾಯುವುದೇ ಇದಕ್ಕೆ ಕಾರಣವೆಂದು ಅರಿತವನಿಗೆ ಹೊತ್ತು ಹೋದದ್ದೇ ತಿಳಿಯದು. ಏರುವ ನೀರು ಒಂದೊಂದೇ ಕಂಬದ ತಲೆಯನ್ನು ಮುಚ್ಚುವುದನ್ನು ನೋಡಲು ಕಾಸು ಕೊಡಬೇಕಾಗಿಲ್ಲ. ಅಲ್ಲಿನ ತೀರ ಬಹುಮಟ್ಟಿಗೆ ಚಿಪ್ಪುಗಳಿಂದಲೇ ಆದದ್ದು. ಚೀಲ ತುಂಬ ಚಿಪ್ಪು ಹೊತ್ತು ತರುವವರು ತೀರವನ್ನೇ ಹೊತ್ತು ತರುತ್ತಿದ್ದಾರೆಂಬುದೂ ಆಗ ಹೊಳೆದೀತು.

ಇದಕ್ಕೆ ಫಲಕವೊಂದೇ ಸಾಲದು; ಫಲಕ ಓದುವವರು ಎಲ್ಲೆಲ್ಲಿಯೂ ಕಡಮೆ. ಕಾವಲುಗಾರನ ಸೀಟಿಯಿಂದಲೂ ಹೆಸರು ಕೊರೆಯುವುದು ಪೂರ್ತಿ ನಿಲ್ಲದು. ದೋಣಿ ದಡ ಬಿಟ್ಟು ದ್ವೀಪ ಸೇರುವ ಹೊತ್ತಿನಲ್ಲಿ, ದೋಣಿಯವರೇ ಕನ್ನಡದಲ್ಲಿ, ತುಳುವಿನಲ್ಲಿ ಹತ್ತು ಮಾತು ಹೇಳುವಂತಾಗಬೇಕು. ಗಾಳಿ, ನೀರು, ಬಂಡೆಗಳ ಸ್ವಭಾವವನ್ನು ಅವರು ನಮ್ಮ ಪದವೀಧರರಿಗಿಂತ ಚೆನ್ನಾಗಿ ಬಲ್ಲರು. ಲಾವಾದ ಕಥೆಯನ್ನಷ್ಟೇ ಕೂಡಿಸಿಕೊಟ್ಟರಾಯಿತು. ಉಡುಪಿ, ಮಣಿಪಾಲಗಳ ಕಾಲೇಜುಗಳಲ್ಲಿ ಅದನ್ನು ಕಲಿಸಬಲ್ಲ ಅಧ್ಯಾಪಕರಿದ್ದಾರೆ. ಹೇಗೂ ಮಳೆಗಾಲದಲ್ಲಿ ವಿಹಾರದ ದೋಣಿಗಳು ದ್ವೀಪಕ್ಕೆ ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ನಾಲ್ಕು ಸಂಜೆ ಸಾಕು.