ಪ್ರವಾಸಕ್ಕೆ ಮುನ್ನ ಕ್ಯಾಮೆರಾ ಚೀಲದ ವಿಚಾರ

ರಜೆಯ ದಿನಗಳು ಸಮೀಪಿಸಿದುವು. ಕುಟುಂಬಸಮೇತರಾಗಿ ಹಂಪೆಗೆ ಹೊರಡಲಿರುವ ವಾಚಕರೊಬ್ಬರು, ತಂದೆಯವರ ಕಾಲದ ಫಿಲ್ಮು ಕ್ಯಾಮೆರಾವನ್ನು ಒಯ್ಯಬಯಸಿ, ಯಾವ ಮಸೂರ, ಎಂತಹ ಫಿಲ್ಮು ಬೇಕೆಂದು ನಮ್ಮನ್ನು ಕೇಳಿದ್ದಾರೆ. ಕೈಫೋನಿನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ತೆಗೆಯುವ ಈ ಕಾಲದಲ್ಲಿ, 36 ಚಿತ್ರಗಳ ಸುರುಳಿಯೇ ಸಾಕೆನ್ನುವವರು ಇನ್ನೂ ಇರುವರೆಂಬುದು ನಮಗೆ ಸಂತೋಷದ ಸಂಗತಿ.

ಹಂಪೆಗೂ ಛಾಯಾಗ್ರಹಣಕ್ಕೂ ನಂಟು ಹಳೆಯದು. 1856ರಲ್ಲಿಯೇ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಹಚ್ಚಿದ ಕಾಗದದ ನೆಗೆಟಿವುಗಳಲ್ಲಿ ಅಲ್ಲಿಯ ಗುಡಿಗೋಪುರಗಳನ್ನು ಸೆರೆಹಿಡಿದನು. ವಿರೂಪಾಕ್ಷ ದೇವಾಲಯದಲ್ಲಿಯಂತೂ ಕಟ್ಟಡವೇ ಕ್ಯಾಮೆರಾ ಆಗಿದೆ. ಕಿರುಗಿಂಡಿಯೊಂದರಿಂದ ಬಂದ ಬೆಳಕು ಕತ್ತಲೆಕೋಣೆಯ ಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಮಕ್ಕಳಿಗೆ ಮೊದಲು ಅದನ್ನು ತೋರಿಸಿರಿ. ಕ್ಯಾಮೆರಾದ ತತ್ತ್ವವೆಲ್ಲ ಅಲ್ಲಿಯೇ ಇದೆ.

ಇನ್ನು ಮಸೂರಗಳು. 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾಕ್ಕೆ ಎರಡು ಸಾಕು. ಮಂಟಪಗಳ ಒಳಗಿಗೂ ವಿಶಾಲವಾದ ಬಂಡೆಗಳ ನೋಟಕ್ಕೂ 28 ಮಿಲಿಮೀಟರಿನದು. ಮನೆಮಂದಿಯ ಚಿತ್ರಗಳಿಗೆ 50ರದು. ಭಾರವಾದ ದೂರದರ್ಶಕ ಮಸೂರವನ್ನು ಮನೆಯಲ್ಲಿಯೇ ಬಿಡಬಹುದು. ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆಯುವವನಿಗೆ ಹೆಗಲಿನ ಹೊರೆ ಹಗುರವಾದಷ್ಟೂ ಲೇಸು. ಗೋಪುರವನ್ನು ತೆಗೆಯುವಾಗ ಕ್ಯಾಮೆರಾವನ್ನು ಮೇಲಕ್ಕೆ ಓಲಿಸಿದರೆ ಚಿತ್ರದಲ್ಲಿ ಗೋಪುರವು ಹಿಂದಕ್ಕೆ ವಾಲಿದಂತೆ ಕಾಣುವುದು. ಆದಕಾರಣ ದೂರ ಸರಿದು ಕ್ಯಾಮೆರಾವನ್ನು ನೇರವಾಗಿ ಹಿಡಿಯಬೇಕು.

ಒಂದೇ ಬಗೆಯ ಫಿಲ್ಮನ್ನು ಕೊಳ್ಳುವುದಾದರೆ 400ರ ವೇಗದ್ದನ್ನು ಕೊಳ್ಳಿರಿ. 100ರ ಫಿಲ್ಮು ನಯವಾದುದೇನೋ ನಿಜ. ಆದರೆ ಮಂಟಪದ ನೆರಳಿಗೆ ಕಾಲಿಟ್ಟೊಡನೆ ಅದು ಕೈಕೊಡುವುದು. 400ರದಕ್ಕೆ ಪ್ರಖರವಾದ ಬಿಸಿಲಿನಲ್ಲಿ ಮಸೂರದ ರಂಧ್ರ 16, ಕಾಲ ಸೆಕೆಂಡಿನ 1/500 ಎಂದಿಟ್ಟರೆ ಸರಿಹೋಗುತ್ತದೆ. ಬಣ್ಣದ ನೆಗೆಟಿವ್ ಫಿಲ್ಮಿನಲ್ಲಿ ಸಂದೇಹ ಬಂದಾಗ ಬೆಳಕು ತುಸು ಹೆಚ್ಚಾದರೂ ಚಿಂತೆಯಿಲ್ಲ, ಕಡಮೆಯಾಗಬಾರದು. ಕಲ್ಲಿನ ಕೆತ್ತನೆಗೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲೇ ಚೆಲುವು. ಫಿಲ್ಮನ್ನು ಬಿಸಿಲಿನಲ್ಲಿ ನಿಂತ ಮೋಟಾರಿನೊಳಗೆ ಬಿಡಬಾರದು. ವಿಮಾನದಲ್ಲಿ ಹೋಗುವವರು ಅದನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಟ್ಟು, ಯಂತ್ರಕ್ಕೆ ಹಾಕದೆ ಕೈಯಿಂದಲೇ ತಪಾಸಣೆ ಮಾಡುವಂತೆ ವಿನಯದಿಂದ ಕೇಳಬೇಕು. ಎಕ್ಸ್‌ರೇ ಕಿರಣಗಳಿಂದ ಫಿಲ್ಮು ಮಸುಕಾಗುವುದುಂಟು.

ಕೊನೆಯದಾಗಿ, ನಮ್ಮದೇ ತಪ್ಪೊಂದನ್ನು ಹೇಳದಿದ್ದರೆ ಈ ಬರಹ ಪೂರ್ಣವಾಗದು. ಹಲವು ವರ್ಷಗಳ ಹಿಂದೆ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಮ್ಮ ತಾಯಿಯವರನ್ನು ನಿಲ್ಲಿಸಿ ಚಿತ್ರ ತೆಗೆದೆವು. ಸೆರಗನ್ನು ಸರಿಪಡಿಸಿಕೊಂಡು, ನಗುವುದೋ ಬೇಡವೋ ಎಂದು ಅವರು ಕೇಳಿದುದು ಇನ್ನೂ ಕಿವಿಯಲ್ಲಿದೆ. ಎಣಿಕೆಯ ಮುಳ್ಳು 36ನ್ನು ದಾಟಿಯೂ ಸನ್ನೆಕೋಲು ತಿರುಗುತ್ತಿರಲು ನಮಗೆ ಎದೆ ಧಸಕ್ಕೆಂದಿತು. ಫಿಲ್ಮಿನ ತುದಿಯು ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ದಿನವೆಲ್ಲ ಬರಿಯ ಕ್ಯಾಮೆರಾ ಸದ್ದು ಮಾಡಿತ್ತು. ಮರುವರ್ಷ ತಾಯಿಯವರಿರಲಿಲ್ಲ.

ಆದುದರಿಂದ ಫಿಲ್ಮು ತುಂಬಿ, ಸಡಿಲವಿಲ್ಲದಂತೆ ಬಿಗಿಸಿದ ಬಳಿಕ ಸನ್ನೆಕೋಲನ್ನು ಎಳೆಯುವಾಗಲೆಲ್ಲ, ಹಿಂದಕ್ಕೆ ಸುತ್ತುವ ಗುಬುಟು ತಾನೂ ತಿರುಗುವುದೇ ಎಂದು ನೋಡಿರಿ. ಹಳೆಯ ಕ್ಯಾಮೆರಾವಾದರೆ ಎರಡು ವಾರ ಮೊದಲೇ ಒಂದು ಸುರುಳಿಯನ್ನು ಮುಗಿಸಿ ತೊಳೆಸಿರಿ. ಊರು ತಲಪಿದ ಮೇಲೆ ಮೊದಲ ಚಿತ್ರ ಗೋಪುರದ್ದಾಗದಿರಲಿ, ಮನೆಯ ಹಿರಿಯರದಾಗಲಿ. ಗೋಪುರವು ನಮಗಾಗಿ ಕಾದಿರುತ್ತದೆ.