ರೈಲು ತಪ್ಪಿದ ಊರು



ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ನಿಕೊಡೆಮಸ್ ಎಂಬ ಸಣ್ಣ ಬೇಸಾಯದ ಊರಿದೆ. ಸ್ವಂತ ಪುರಸಭೆಯಿಲ್ಲ. ರೈಲು ಬಾರದ್ದರಿಂದ ಹಾಳಾದ ಊರೆಂದು ಅದರ ಬಗ್ಗೆ ಬರೆಯುವುದು ವಾಡಿಕೆ. ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನರು ಸ್ವಂತ ಜಮೀನಿನ ಆಸೆಯಿಂದ 1877ರಲ್ಲಿ ಬಂದು ನೆಲೆಸಿದ ಊರು ಅದು. ಆ ಸೆಪ್ಟೆಂಬರಿನಲ್ಲಿ ಕೆಂಟಕಿಯಿಂದ ಸುಮಾರು 300 ಮಂದಿ ಬಂದರು. ಕರಪತ್ರದಲ್ಲಿ ಓದಿದ್ದೇ ಬೇರೆ, ಕಂಡದ್ದೇ ಬೇರೆ. ಬರೀ ಬಯಲು, ಮನೆ ಕಟ್ಟಲು ಮರವಿಲ್ಲದೆ ನೆಲ ಅಗೆದು ಅದರೊಳಗೇ ವಾಸ. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ಊರೆಲ್ಲಿ ಎಂದು ಹುಡುಕಿದಾಗ, ನೆಲದೊಳಗಿಂದ ಏಳುತ್ತಿದ್ದ ಹೊಗೆಯನ್ನು ಗಂಡ ತೋರಿಸಿದರಂತೆ, ಆಕೆ ಅಳತೊಡಗಿದರಂತೆ. ಅಡಿಕೆ ಸಸಿ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾದವರಿಗೆ ಆ ಅಳು ಅರ್ಥವಾದೀತು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಆಹಾರ ಹಂಚಿದ್ದರಿಂದ ಜೀವ ಉಳಿಯಿತೆಂದು ಊರವರು ಹೇಳುತ್ತ ಬಂದಿದ್ದಾರೆ.

ಹತ್ತು ವರ್ಷದೊಳಗೆ ಅಂಗಡಿ, ಹೋಟೆಲು, ಶಾಲೆ, ಚರ್ಚುಗಳಲ್ಲದೆ ಎರಡು ಪತ್ರಿಕೆಗಳೂ ಬಂದವು. 1887ರಲ್ಲಿ ರೈಲು ತರಿಸಲೆಂದು 16,000 ಡಾಲರಿನ ಸಾಲಪತ್ರಕ್ಕೆ ಮತ ಹಾಕಿದರು. ಆ ಕಂಪನಿ ಬರಲಿಲ್ಲ. 1888ರಲ್ಲಿ ಇನ್ನೊಂದು ಕಂಪನಿ ಸಾಲಮನ್ ನದಿಯ ಆಚೆ, ಕೆಲವು ಮೈಲಿ ದೂರದಲ್ಲಿ ಹಳಿ ಹಾಕಿತು. ವರ್ತಕರು ಗಂಟುಮೂಟೆ ಕಟ್ಟಿ ಅಲ್ಲಿ ಹೊಸದಾಗಿ ಹುಟ್ಟಿದ ಬೋಗ್ ಎಂಬ ಊರಿಗೆ ನಡೆದರು. ಕೆಲವರು ಕಟ್ಟಡವನ್ನೇ ಸಾಗಿಸಿದರು!

ಹೀಗೆ ಹೋದವರು ಮುಖ್ಯವಾಗಿ ವರ್ತಕರು ಎಂಬುದನ್ನು ಗಮನಿಸಬೇಕು. ಸರ್ಕಾರದಿಂದ 160 ಎಕರೆಯಂತೆ ಹಕ್ಕು ಪಡೆದಿದ್ದ ರೈತರು ಜಮೀನನ್ನು ಹೊತ್ತೊಯ್ಯುವಂತಿರಲಿಲ್ಲ. ಅವರಲ್ಲಿ ಅನೇಕರು ಉಳಿದರು; ಅವರಿಂದಲೇ ಊರು ಮುಂದೆ ನಾಲ್ಕು ದಶಕ ನಡೆಯಿತು. ಅದನ್ನು ನಿಜವಾಗಿ ಬರಿದು ಮಾಡಿದ್ದು 1930ರ ದಶಕದ ಬರ, ಧೂಳುಗಾಳಿ, ಜೊತೆಗೆ ಕುಸಿದ ಧಾರಣೆ. ನಮ್ಮಲ್ಲಿ ಟಾರು ರಸ್ತೆಗೆ ಮನವಿ ಕೊಡಲು ಸೇರುವ ಜನ, ಧಾರಣೆಯ ವಿಷಯ ಚರ್ಚಿಸಲು ಸಂಘ ಕರೆದ ಸಭೆಗೆ ಬರುವುದಿಲ್ಲ. ಕಾರ್ಯದರ್ಶಿಯಾಗಿ ಖಾಲಿ ಕುರ್ಚಿ ಎಣಿಸುವವನು ನಾನು. ಆದ್ದರಿಂದಲೇ ಇದನ್ನು ಬರೆದೆ.

ನಿಕೊಡೆಮಸ್‌ನ ಅಂಚೆ ಕಚೇರಿ 1953ರಲ್ಲಿ ಮುಚ್ಚಿತು. 1996ರಲ್ಲಿ ಊರನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಈಗ ಅಲ್ಲಿರುವವರು ಕೆಲವೇ ಮಂದಿ. ಆದರೂ ಪ್ರತಿವರ್ಷ ಜುಲೈ ಕೊನೆಗೆ ಪರಊರುಗಳಲ್ಲಿ ನೆಲೆಸಿದ ವಂಶಸ್ಥರು ಬಂದು ಸೇರುತ್ತಾರೆ. ಅಜ್ಜಂದಿರ ಜಮೀನನ್ನು ಇನ್ನೂ ಕೈಬಿಡದ ಮನೆತನಗಳೂ ಅವರಲ್ಲಿವೆ.