ಚಿಲ್ಲರೆ ಎಂದು ಜರೆಯಬೇಡಿ

ನಾನು ಪರವೂರಿಗೆ ಹೊರಟೆನೆಂದರೆ ನಮ್ಮವರದು ಒಂದೇ ಪ್ರಶ್ನೆ: "ಈ ಸಲ ಎಷ್ಟು ಬ್ಯಾಂಕು?" ಬೇರೆಯವರು ಸೀರೆ ಅಂಗಡಿ ಹುಡುಕಿದರೆ ನಾನು ಬ್ಯಾಂಕು ಹುಡುಕುತ್ತೇನೆ. ಐನೂರರ ನೋಟು ಕೊಟ್ಟು ನಾಣ್ಯ ಪಡೆದು, ಮೂಲೆಯ ಬೆಂಚಿನಲ್ಲಿ ಕೂತು ಒಂದೊಂದನ್ನೇ ಮಗುಚಿ ನೋಡುತ್ತೇನೆ. ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ಮುಂಬಯಿ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕಿಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತಾದ್ದು. 2006ರ ಬಸವೇಶ್ವರರ ಐದು ರೂಪಾಯಿ ಸಿಕ್ಕಿತೋ, ಅಂದು ನನಗೆ ಹಬ್ಬ. ಹುಚ್ಚು ಅನ್ನಿ, ಬೇಸರವಿಲ್ಲ. ಆದರೆ ಈ ಹುಚ್ಚಿನಿಂದಲೇ ಒಂದು ಅನ್ಯಾಯ ನನ್ನ ಕಣ್ಣಿಗೆ ಬಿತ್ತು.

ಕಳೆದ ಬೇಸಿಗೆಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಸುತ್ತಿದೆ. ಭಟ್ಕಳದಲ್ಲಿ ಮಲ್ಲಿಗೆ ಕೊಂಡು ಹತ್ತರ ಮೂರು ನಾಣ್ಯ ಕೊಟ್ಟರೆ ಹೂವಿನಾಕೆ ಕೈ ಹಿಂದೆಳೆದಳು. "ಇದು ಬೇಡ ಅಮ್ಮಾ, ಯಾರೂ ತಕಳೂದಿಲ್ಲ." ಹತ್ತು ಗೆರೆಯದ್ದು ಅಸಲಿ, ಹದಿನೈದು ಗೆರೆಯದ್ದು ಖೋಟಾ ಎಂಬ ಗಾಳಿಮಾತು ಆಕೆಯ ಕಿವಿಗೂ ಬಿದ್ದಿತ್ತು. ಈ ನಾಣ್ಯ ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಅಸಲಿ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸಾರಿದೆಯೆಂದು ವಿವರಿಸಿದೆ. ಆಕೆ ನಕ್ಕಳು. "ನೀವು ಹೇಳೂದು ಸರಿಯೇ. ಬ್ಯಾಂಕಿನವರು ತಕಳ್ಬೇಕಲ್ಲ?"

ಆ ಮಾತಿನ ಅರ್ಥ ಮುಂದೆ ಒಂದು ಬ್ಯಾಂಕಿನಲ್ಲಿ ತಿಳಿಯಿತು. ನನಗೆ ಐನೂರು ರೂಪಾಯಿಯ ನಾಣ್ಯವನ್ನು ನಗುನಗುತ್ತ ಕೊಟ್ಟರು. ನನ್ನ ಹಿಂದೆ ನಿಂತಿದ್ದ ಮೀನು ಮಾರುವಾಕೆ ನಾಣ್ಯದ ಬಟ್ಟೆಚೀಲ ಮುಂದಿಟ್ಟರೆ, "ಎಣಿಸಲು ಜನ ಇಲ್ಲ, ನೋಟು ಮಾಡಿಸಿಕೊಂಡು ಬಾ." ನನಗೆ 'ಮೇಡಂ', ಆಕೆಗೆ 'ಬಾ'! ನೋಟು ಮಾಡಿಸಿಕೊಡಲು ಅಂಗಡಿಯವ ನೂರಕ್ಕೆ ಐದು ರೂಪಾಯಿ ವಟ್ಟ ಮುರಿದುಕೊಳ್ಳುತ್ತಾನಂತೆ. ಬಿಸಿಲಲ್ಲಿ ಕೂತು ದುಡಿದ ಹಣಕ್ಕೆ ಇದೆಂಥ ದಂಡ?

ಎಣಿಸುವುದು ಕಷ್ಟವೇ, ಒಪ್ಪೋಣ. ಆದರೆ ಗಿರಾಕಿ ಬ್ಯಾಂಕಿಗೆ ಕಟ್ಟುವ ನಾಣ್ಯಕ್ಕೆ ಮಿತಿಯಿಲ್ಲ ಎನ್ನುವುದು ರಿಸರ್ವ್ ಬ್ಯಾಂಕಿನ ಮಾತು. ಜನರಿಗೆ ನಾಣ್ಯ ಹಂಚುವ ಬ್ಯಾಂಕಿಗೆ ಚೀಲವೊಂದಕ್ಕೆ ಕೊಡುವ ಪ್ರೋತ್ಸಾಹಧನವನ್ನು ಅದು 2021ರಲ್ಲಿ 25ರಿಂದ 65 ರೂಪಾಯಿಗೆ ಏರಿಸಿತು. ಕೊಡಲು ಉತ್ಸಾಹ, ತೆಗೆದುಕೊಳ್ಳಲು ತಾತ್ಸಾರ! ಈ ಕರಾವಳಿಯ ಬ್ಯಾಂಕುಗಳು ಬೆಳೆದದ್ದಾದರೂ ಹೇಗೆ? ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ತಂದು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಎತ್ತಿತ್ತು. ಅಂದು ಚಿಲ್ಲರೆಗಾಗಿ ಮೆಟ್ಟಿಲು ಹತ್ತಿದವರು ಇಂದು ಚಿಲ್ಲರೆ ತಂದವಳನ್ನು ಮೆಟ್ಟಿಲು ಇಳಿಸುವುದೇ?

"ಈಗೆಲ್ಲ ಫೋನಿನಲ್ಲೇ ಹಣ ಬರುತ್ತಲ್ಲ" ಎನ್ನುತ್ತಾರೆ ನಮ್ಮವರು. ಬರುತ್ತದೆ, ಯಾರ ಫೋನಿಗೆ? ಎಷ್ಟೋ ಕಡೆ ಬುಟ್ಟಿಯ ಮುಂದೆ ಅಂಟಿಸಿದ ಚೀಟಿ ಮಗನದೋ ಗಂಡನದೋ ಖಾತೆಯದು. ಸೊಂಟದ ಸಂಚಿಗೆ ಬಿದ್ದ ನಾಣ್ಯ ಮಾತ್ರ ಆಕೆಯದೇ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಟ್ಟು ಮಕ್ಕಳ ಫೀಸು ಕಟ್ಟಿದ ಅಮ್ಮಂದಿರ ಮಕ್ಕಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಕುಮಟಾದಲ್ಲಿ ಇಳಿದುಕೊಂಡ ಕೋಣೆಯಲ್ಲಿ ಆ ಐನೂರರ ನಾಣ್ಯ ಹರವಿದೆ. 1996ರ ಐದು ರೂಪಾಯಿಯೊಂದು ಸಿಕ್ಕಿತು. ತಾಯಿಯ ಆರೋಗ್ಯವೇ ಮಗುವಿನ ಆರೋಗ್ಯ ಎಂದು ಬರೆದದ್ದು. ಬಹಳ ದಿನದಿಂದ ಹುಡುಕುತ್ತಿದ್ದುದು, ಆದರೂ ಖುಷಿಯಾಗಲಿಲ್ಲ. ತಾಯಿಯ ಹೆಸರು ನಾಣ್ಯದ ಮೇಲಿತ್ತು, ತಾಯಿಯೊಬ್ಬಳು ತಂದ ನಾಣ್ಯ ಬ್ಯಾಂಕಿಗೆ ಬೇಡವಾಗಿತ್ತು, ನಾನು ಚಕಾರವೆತ್ತದೆ ಎದ್ದು ಬಂದಿದ್ದೆ.

ಇನ್ನು ಹಾಗಾಗದು. ನಿಮ್ಮ ಊರಿನ ಬ್ಯಾಂಕಿನಲ್ಲಿ ಯಾರದೋ ಚೀಲವನ್ನು ಹಿಂದಕ್ಕೆ ತಳ್ಳಿದರೆ ನೀವೂ ಪಕ್ಕದಲ್ಲಿ ನಿಂತು ಕೇಳಿ: "ತೆಗೆದುಕೊಳ್ಳುವುದಿಲ್ಲವೆಂದು ಬರೆದು ಕೊಡುತ್ತೀರಾ?" ಬರೆದು ಕೊಡುವವರು ಯಾರೂ ಇಲ್ಲ. ಎಣಿಸತೊಡಗುತ್ತಾರೆ, ನೋಡಿ.